ಒತ್ತು ಬಂದರೆ ಲಘುವೂ ಗುರು

ಪರೀಕ್ಷೆಯ ಭಯಕ್ಕೆ ಚಿತ್ರವೊಂದು ಮದ್ದಾದೀತೆ? ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಒಂದು ಗೋಡೆಯ ಕಥೆ

ಬಹಳ ಉತ್ಸಾಹದಿಂದ ನಾನು ಬರೆಸಿ ಕಾಲೇಜಿನ ಗೋಡೆಗೆ ಅಂಟಿಸಿದ ಚಿತ್ರಪಟದ ಕೆಳಗೆ ಮರುದಿನ ಬೆಳಗ್ಗೆ ಯಾರೋ ಪೆನ್ಸಿಲಿನಿಂದ ಒಂದು ವಾಕ್ಯವನ್ನು ಸೇರಿಸಿದ್ದರು. ಚಿತ್ರದಲ್ಲಿದ್ದುದು ಬೆಟ್ಟದ ತುದಿಯಲ್ಲಿ ಕೈಯೆತ್ತಿ ನಿಂತ ಒಬ್ಬ ತರುಣ, ಅವನ ಹಿಂದೆ ಉದಯಿಸುತ್ತಿರುವ ಸೂರ್ಯ. ಮೇಲೆ ದಪ್ಪಕ್ಷರಗಳಲ್ಲಿ, "ಒತ್ತಡವೇ ನಿನ್ನ ಮಿತ್ರ!" ಕೆಳಗೆ ಸೇರಿದ್ದ ವಾಕ್ಯ ಇದು: "ಇಂಥ ಮಿತ್ರರು ನಮ್ಮ ಮನೆಯಲ್ಲೇ ಬೇಕಾದಷ್ಟು ಜನ ಇದ್ದಾರೆ, ಸಾರ್."

ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು. ಬರೆದವರು ಯಾರೆಂದು ಹುಡುಕಲು ಹೋಗಲಿಲ್ಲ. ಆ ಚಿತ್ರಪಟವನ್ನು ಸದ್ದಿಲ್ಲದೆ ತೆಗೆದು ಮಡಿಸಿ ಕಪಾಟಿನಲ್ಲಿಟ್ಟೆ.

ಸೆಮಿಸ್ಟರ್ ಪರೀಕ್ಷೆಗೆ ಆಗ ಇನ್ನು ಮೂರು ವಾರವಿತ್ತು. ನಮ್ಮ ಸೀಮೆಯ ವಿದ್ಯಾರ್ಥಿಗಳನ್ನು ಬಲ್ಲವರಿಗೆ ಆ ಮೂರು ವಾರಗಳ ಭಾರವನ್ನು ಹೇಳಬೇಕಾಗಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಳ್ಳಕೆರೆ ಒಂದು. ಮಕ್ಕಳು ಬರುವುದು ಶೇಂಗಾ ಬೆಳೆಯುವ ಒಣ ಹೊಲಗಳಿಂದ, ಕುರಿಹಟ್ಟಿಗಳಿಂದ, ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ. ಅನೇಕರ ವಂಶದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು ಅವರೇ ಮೊದಲಿಗರು. ದಾವಣಗೆರೆ ವಿಶ್ವವಿದ್ಯಾನಿಲಯದಿಂದ ಬರುವ ಒಂದು ಅಂಕಪಟ್ಟಿಯನ್ನು ಮನೆಯವರೆಲ್ಲ, ಕೆಲವೊಮ್ಮೆ ಊರಿಗೆ ಊರೇ ಕಾಯುತ್ತಿರುತ್ತದೆ.

ಕೊನೆಯ ವರ್ಷದ ಬಿ.ಎ. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಅದೇ ವಾರ ನನ್ನ ಬಳಿ ಬಂದು, "ಸಾರ್, ಈ ಸಲ ನಾನು ಪರೀಕ್ಷೆಗೆ ಕೂರುವುದಿಲ್ಲ" ಎಂದಳು. ಚೆನ್ನಾಗಿ ಓದುವ ಹುಡುಗಿ. ಕಾರಣ ಕೇಳಿದರೆ, ಪುಸ್ತಕ ತೆರೆದೊಡನೆ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಓದಿದ್ದೆಲ್ಲ ಮರೆತೇಹೋಗುತ್ತದೆ ಎಂದಳು. "ನನ್ನಲ್ಲೇ ಏನೋ ದೋಷವಿದೆ ಸಾರ್. ಬೇರೆಯವರಿಗೆ ಹೀಗಾಗುವುದಿಲ್ಲ." ನಾನು ಚಿತ್ರಪಟದ ಸಾಹಸಕ್ಕೆ ಕೈಹಾಕಿದ್ದು ಆ ಮಾತನ್ನು ಕೇಳಿದ ಮೇಲೆ. ಬೇರೆಯವರಿಗೂ ಹಾಗೆಯೇ ಆಗುತ್ತದೆ ಎಂಬುದನ್ನು ಗೋಡೆಯಾದರೂ ಹೇಳಲಿ ಎಂಬ ಆಸೆ.

ಗೋಡೆ ಸೋತ ಕಥೆಗಳು

ಗೋಡೆಯ ಬರಹ ಹೀಗೆ ಸೋಲುವುದು ಹೊಸತಲ್ಲ. 1939ರಲ್ಲಿ, ಎರಡನೆಯ ಮಹಾಯುದ್ಧ ಹೊಸ್ತಿಲಲ್ಲಿದ್ದಾಗ, ಬ್ರಿಟಿಷ್ ಸರ್ಕಾರ ತನ್ನ ಪ್ರಜೆಗಳ ಧೈರ್ಯ ಕಾಪಾಡಲು ಮೂರು ಭಿತ್ತಿಪತ್ರಗಳನ್ನು ಸಿದ್ಧಪಡಿಸಿತು. ಅವುಗಳಲ್ಲಿ ಒಂದರ ತಾತ್ಪರ್ಯ, ನೀವು ಧೈರ್ಯದಿಂದ ಮತ್ತು ಉಲ್ಲಾಸದಿಂದ ಇದ್ದರೆ ನಮಗೆ ಜಯ ದೊರೆಯುತ್ತದೆ ಎಂದು. ಜನ ಮುನಿದರು. ಕಷ್ಟಪಡುವವರು 'ನೀವು', ಗೆಲ್ಲುವವರು 'ನಾವು', ಇದೆಂಥ ನ್ಯಾಯ ಎಂಬುದು ಅವರ ಆಕ್ಷೇಪ. ಇನ್ನೊಂದು, ಶಾಂತರಾಗಿದ್ದು ಕೆಲಸ ಮುಂದುವರಿಸಿ ಎನ್ನುವಂಥದು. ಸುಮಾರು 25 ಲಕ್ಷ ಪ್ರತಿ ಅಚ್ಚಾದರೂ ಬಹುಪಾಲು ಗೋಡೆ ಏರಲೇ ಇಲ್ಲ. 2000ದಲ್ಲಿ ಇಂಗ್ಲೆಂಡಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಅದರ ಒಂದು ಪ್ರತಿ ಸಿಕ್ಕ ಮೇಲೆ ಅದು ಜಗತ್ಪ್ರಸಿದ್ಧವಾಯಿತು. ಒಂದು ಸರ್ವನಾಮ ಎಷ್ಟು ಕೆಲಸ ಕೆಡಿಸಬಲ್ಲದೆಂಬುದನ್ನು ಭಾಷೆಯ ಅಧ್ಯಾಪಕನಾದ ನಾನು ಮೊದಲೇ ಯೋಚಿಸಬೇಕಿತ್ತು. ನನ್ನ ಚಿತ್ರಪಟದಲ್ಲೂ 'ನಿನ್ನ ಮಿತ್ರ' ಎಂದೇ ಇತ್ತಲ್ಲ!

ಆದರೂ ವಿಷಯ ಸುಳ್ಳಲ್ಲ. ಒತ್ತಡವನ್ನು ನಾವು ಹೇಗೆ ಭಾವಿಸುತ್ತೇವೆ ಎಂಬುದರ ಮೇಲೆ ಅದರ ಪರಿಣಾಮ ಒಂದಿಷ್ಟು ಬದಲಾಗುತ್ತದೆಂದು ವಿಜ್ಞಾನಿಗಳು ತೋರಿಸಿದ್ದಾರೆ. 1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ, ದೇಹವು ಬಗೆಬಗೆಯ ಪೀಡೆಗಳಿಗೆ ಒಂದೇ ಬಗೆಯಲ್ಲಿ ಪ್ರತಿಕ್ರಿಯೆ ತೋರುತ್ತದೆಂದು ಸಣ್ಣ ಲೇಖನವೊಂದರಲ್ಲಿ ಪ್ರಕಟಿಸಿದ. ಒತ್ತಡದ ಆಧುನಿಕ ಅಧ್ಯಯನ ಮೊದಲಾದದ್ದು ಅಲ್ಲಿಂದ. ಮುಂದೆ ಅದೇ ಸೆಲ್ಯೆ, ಮನುಷ್ಯನನ್ನು ಕುಗ್ಗಿಸುವ ಒತ್ತಡ ಬೇರೆ, ಅರಳಿಸುವ ಒತ್ತಡ ಬೇರೆ ಎಂದು ಎರಡು ಹೆಸರುಗಳನ್ನು ಬಳಕೆಗೆ ತಂದ.

2013ರಲ್ಲಿ ಆಲಿಯಾ ಕ್ರಮ್ ಮತ್ತು ಸಂಗಡಿಗರು ಹಣಕಾಸು ಸಂಸ್ಥೆಯೊಂದರ ನೌಕರರಿಗೆ ಕಿರುಚಿತ್ರಗಳನ್ನು ತೋರಿಸಿದರು. ಒಂದು ಗುಂಪಿಗೆ ಒತ್ತಡದ ಹಾನಿಗಳು, ಇನ್ನೊಂದು ಗುಂಪಿಗೆ ಅದರ ಉಪಕಾರಗಳು. ಎರಡೂ ನಿಜವಾದ ಸಂಗತಿಗಳೇ. ಉಪಕಾರಗಳನ್ನು ನೋಡಿದವರ ಆರೋಗ್ಯದ ದೂರುಗಳು ಕಡಿಮೆಯಾಗಿ, ಕೆಲಸ ಸುಧಾರಿಸಿತೆಂದು ಅವರೇ ಹೇಳಿಕೊಂಡರು. ಅದಕ್ಕೂ ಮೊದಲು, 2010ರಲ್ಲಿ, ಜೆರೆಮಿ ಜೇಮೀಸನ್ ಮತ್ತು ಸಂಗಡಿಗರು ಪ್ರವೇಶಪರೀಕ್ಷೆಯ ಅಭ್ಯಾಸಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಎದೆ ಬಡಿದುಕೊಂಡರೆ ಗಾಬರಿಯಾಗಬೇಡಿ, ಅದು ಪರೀಕ್ಷೆಗೆ ನೆರವಾಗಬಹುದು ಎಂದು ತಿಳಿಸಿದರು. ಅವರು ಗಣಿತದಲ್ಲಿ ಉಳಿದವರಿಗಿಂತ ಹೆಚ್ಚು ಅಂಕ ಪಡೆದರು. 2022ರಲ್ಲಿ ಡೇವಿಡ್ ಯೇಗರ್ ಮತ್ತು ಸಂಗಡಿಗರು ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಆರು ಪ್ರಯೋಗಗಳನ್ನು ನಡೆಸಿ, ಅರ್ಧ ಗಂಟೆಯ ಒಂದು ಪಾಠದಿಂದ ಇಂಥ ಲಾಭ ಉಂಟೆಂದು ತೋರಿಸಿದರು.

ಹಾಗಾದರೆ ತಪ್ಪಿದ್ದು ಎಲ್ಲಿ? ವಿಷಯದಲ್ಲಲ್ಲ, ಚಿತ್ರದಲ್ಲಿ. ಆ ಬೆಟ್ಟ ನಮ್ಮ ಬೆಟ್ಟವಾಗಿರಲಿಲ್ಲ, ಆ ತರುಣ ನಮ್ಮ ಹುಡುಗನಾಗಿರಲಿಲ್ಲ.

ಗಾಣದ ಪ್ರಸಂಗ

ಎರಡನೆಯ ಸಲ ಜಾಣತನ ಮಾಡಿದೆ. ಶೇಂಗಾ ಎಣ್ಣೆಯ ಗಿರಣಿಗಳಿಂದ 'ಎಣ್ಣೆ ನಗರ' ಎನಿಸಿಕೊಂಡ ಊರು ಚಳ್ಳಕೆರೆ. ಈ ನೆಲದ ಚಿತ್ರವೇ ಬೇಕೆಂದು ಒಂದು ಗಾಣವನ್ನು ಬರೆಸಿದೆ. ಕೆಳಗೆ, "ಒತ್ತದೆ ಎಣ್ಣೆಯಿಲ್ಲ." ತರಗತಿಯಲ್ಲಿ ಅದನ್ನು ಹೆಮ್ಮೆಯಿಂದ ತೋರಿಸಿದೆನೋ ಇಲ್ಲವೋ, ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಸಾರ್, ಎಣ್ಣೆ ಬಂದ ಮೇಲೆ ಶೇಂಗಾ ಏನಾಗುತ್ತದೆ?"

"ಹಿಂಡಿಯಾಗುತ್ತದೆ."

"ಹಿಂಡಿ ಯಾರಿಗೆ, ಸಾರ್?"

"ದನಕ್ಕೆ" ಎಂದು ತರಗತಿಯೇ ಒಕ್ಕೊರಲಿನಿಂದ ಉತ್ತರಿಸಿತು. ಎಣ್ಣೆ ಮಾರುವವನ ಪಾಲಿಗೆ, ಹಿಂಡಿ ದನದ ಪಾಲಿಗೆ, ಶೇಂಗಾಕ್ಕೆ ಉಳಿದದ್ದೇನು? ಗಾಣವೂ ಕಪಾಟು ಸೇರಿತು.

ಆ ಹುಡುಗ ನನ್ನ ಕಣ್ಣು ತೆರೆಸಿದ ಎಂದೇ ಹೇಳಬೇಕು. ಒತ್ತಡವನ್ನು ಹೊಗಳುವ ಚಿತ್ರದಲ್ಲಿ ಒತ್ತಿಸಿಕೊಳ್ಳುವವನು ಎಲ್ಲಿರುತ್ತಾನೆ ಎಂದು ಮೊದಲು ನೋಡಬೇಕು. ಅವನು ಗಾಣದೊಳಗಿನ ಕಾಳಾಗಿದ್ದರೆ ಅದು ಉಪದೇಶವಲ್ಲ, ಹಿಂಸೆ.

ಅಕ್ಷರದೊಳಗಿನ ಚಿತ್ರ

ಮೂರನೆಯ ಚಿತ್ರ ನನಗೆ ದೊರೆತದ್ದು ನನ್ನ ಕಸುಬಿನಲ್ಲೇ. ಅಂದು ಛಂದಸ್ಸಿನ ಪಾಠ. ಕಪ್ಪುಹಲಗೆಯ ಮೇಲೆ 'ಚಳ್ಳಕೆರೆ' ಎಂದು ಬರೆದು ಪ್ರಸ್ತಾರ ಹಾಕಲು ಹೇಳಿದೆ. 'ಚ' ಹ್ರಸ್ವಾಕ್ಷರ, ಬಿಡಿಯಾಗಿದ್ದರೆ ಅದು ಲಘು, ಒಂದೇ ಮಾತ್ರೆ. ಆದರೆ ಮುಂದೆ 'ಳ್ಳ' ಎಂಬ ಒತ್ತಕ್ಷರವಿದೆ. ಒತ್ತಕ್ಷರದ ಹಿಂದಿನ ಲಘು ಗುರುವಾಗುತ್ತದೆ, ಎರಡು ಮಾತ್ರೆಯ ಬೆಲೆ ಪಡೆಯುತ್ತದೆ. ಇದು ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ನಿಯಮ. ಪಕ್ಕದಲ್ಲಿ, ಏಕೆಂದು ಹೇಳಲಾರೆ, 'ಒತ್ತಡ' ಎಂದು ಬರೆದೆ. 'ಒ' ಲಘು, 'ತ್ತ' ಬಂದುದರಿಂದ ಗುರು. ಒಂದು ಗುರು, ಎರಡು ಲಘು: ಭಗಣ!

ತರಗತಿ ಒಂದು ಕ್ಷಣ ಸುಮ್ಮನಾಯಿತು. ಕನ್ನಡದಲ್ಲಿ ಒತ್ತಡ ಎಂಬ ಮಾತೂ, ಒತ್ತಕ್ಷರ ಎಂಬ ಮಾತೂ ಒಂದೇ ಬೇರಿನಿಂದ ಚಿಗುರಿದವು. ಮುಂದೆ ಬರಲಿರುವ ಭಾರವೇ ಹಿಂದಿನ ಹಗುರ ಅಕ್ಷರಕ್ಕೆ ತೂಕ ಕೊಡುತ್ತದೆ. ನಾನು ಇನ್ನೂ ಒಂದು ಮಾತು ಸೇರಿಸಿದೆ: "ಹಳಗನ್ನಡದಲ್ಲಿ ಶಿಥಿಲದ್ವಿತ್ವವೆಂಬುದುಂಟು. ಅಲ್ಲಿಯೂ ಒತ್ತು ಇರುತ್ತದೆ. ಆದರೆ ಅದನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಅಂದಮೇಲೆ ಒತ್ತು ಇದೆಯೇ ಎಂಬುದಷ್ಟೇ ಮುಖ್ಯವಲ್ಲ. ಅದನ್ನು ಹೇಗೆ ಉಚ್ಚರಿಸುತ್ತೇವೆ ಎಂಬುದೂ ಮುಖ್ಯ."

ಮರುದಿನ ನಾನು ಹೇಳದೆಯೇ ಮೂವರು ಹುಡುಗರು ಬಿಳಿಯ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ 'ಒತ್ತಡ' ಎಂಬುದನ್ನು ಆಳೆತ್ತರಕ್ಕೆ ಬರೆದು, 'ಒ'ದ ತಲೆಯ ಮೇಲೆ ಗುರುವಿನ ಅಡ್ಡಗೆರೆಯನ್ನು ಕೆಂಪು ಬಣ್ಣದಲ್ಲಿ ಎಳೆದು ತಂದರು. ಕೆಳಗೆ ಸಣ್ಣ ಅಕ್ಷರಗಳಲ್ಲಿ, "ಒತ್ತು ಬಂದರೆ ಲಘುವೂ ಗುರು." ಅದಕ್ಕೆ ಯಾರೂ ಪೆನ್ಸಿಲಿನ ಟಿಪ್ಪಣಿ ಸೇರಿಸಲಿಲ್ಲ. ಅದು ಪ್ರಾಂಶುಪಾಲರ ಕೊಠಡಿಯ ಬಾಗಿಲಲ್ಲಿರದೆ, ನೀರಿನ ನಲ್ಲಿಯ ಬಳಿ, ಲೋಟ ಹಿಡಿದು ನಿಂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿತ್ತು. ಅಂಟಿಸುವ ಜಾಗವನ್ನೂ ಅವರೇ ಆರಿಸಿದ್ದರು.

ಆಮೇಲೆ ಒಂದೊಂದಾಗಿ ಬಂದವು. ನಾಯಕನಹಟ್ಟಿಯ ಕಡೆಯ ಹುಡುಗನೊಬ್ಬ ತಿಪ್ಪೇರುದ್ರಸ್ವಾಮಿಯ ತೇರನ್ನು ಬರೆದ. ತೇರು ಇನ್ನೂ ನಿಂತಿದೆ, ಹಗ್ಗ ಬಿಗಿದಿದೆ, ಮುಂದೆ ಡೊಳ್ಳು ಬಾರಿಸುವವನು. ಕೆಳಗೆ: "ತೇರು ಹೊರಡುವ ಮೊದಲು ಡೊಳ್ಳು. ಪೇಪರು ಬರೆಯುವ ಮೊದಲು ಎದೆ." ಜೇಮೀಸನ್ನನ ಸಂಶೋಧನೆಯನ್ನು ಇಷ್ಟು ಕಡಿಮೆ ಮಾತುಗಳಲ್ಲಿ ನಾನಂತೂ ಹೇಳಲಾರೆ. ಎದೆ ಬಡಿದುಕೊಳ್ಳುವುದೆಂದರೆ ಹೃದಯವು ಹೆಚ್ಚು ರಕ್ತವನ್ನು, ಅದರೊಡನೆ ಆಮ್ಲಜನಕವನ್ನು, ದೇಹಕ್ಕೂ ಮಿದುಳಿಗೂ ತಳ್ಳುತ್ತಿದೆ ಎಂದರ್ಥ. ಅದು ಹೊರಡುವ ಸಿದ್ಧತೆ, ಸೋಲಿನ ಸೂಚನೆಯಲ್ಲ.

ಹಾಸು ಎಷ್ಟು ಬಿಗಿ?

ಪರೀಕ್ಷೆ ಬರೆಯುವುದಿಲ್ಲವೆಂದಿದ್ದ ಹುಡುಗಿ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ಅವಳದು ಮೊಳಕಾಲ್ಮೂರು ತಾಲ್ಲೂಕಿನ ನೇಕಾರರ ಮನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನಮ್ಮ ಓದುಗ ಸೋದರಿಯರಿಗೆ ಪರಿಚಯಿಸುವುದು ಅನಗತ್ಯ. ಹೂ, ಹಣ್ಣು, ಪ್ರಾಣಿಪಕ್ಷಿಗಳ ಕುಸುರಿಗೆ ಹೆಸರಾದ ಆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ನಾನು ಅವಳನ್ನು ಕರೆದು, ಒಂದು ಮಗ್ಗದ ಚಿತ್ರವನ್ನು ನಾನೇ ಅಂಕುಡೊಂಕಾಗಿ ಬರೆದು ತೋರಿಸಿದೆ.

ಅವಳು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತು.

"ಸಾರ್, ಹಾಸು ಹೀಗೆ ಜೋಲುಬಿದ್ದರೆ ನೇಯುವುದು ಹೇಗೆ? ಲಾಳಿ ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ."

"ಹಾಗಾದರೆ ಬಿಗಿಯಾಗಿ ಎಳೆಯಬೇಕೇನಮ್ಮಾ?"

"ತುಂಬಾ ಎಳೆದರೆ ಹರಿಯುತ್ತದೆ ಸಾರ್."

"ಎಷ್ಟು ಬಿಗಿ ಅಂತ ನಿಮ್ಮ ತಂದೆಯವರಿಗೆ ಹೇಗೆ ತಿಳಿಯುತ್ತದೆ?"

"ಕೈಯಿಟ್ಟು ನೋಡುತ್ತಾರೆ. ಒಂದು ಗೇಣು ನೇಯ್ದ ಮೇಲೆ ಹಾಸು ಸಡಿಲ ಮಾಡಿ, ನೇಯ್ದದ್ದನ್ನು ಸುತ್ತಿ, ಮತ್ತೆ ಬಿಗಿ ಮಾಡುತ್ತಾರೆ. ಬಿಗಿಯಾಗಿಯೇ ಇಟ್ಟರೆ ಸೀರೆ ಮುಂದಕ್ಕೆ ಹೋಗುವುದೇ ಇಲ್ಲವಲ್ಲ!"

"ಮತ್ತೆ ಎಳೆ ಕಡಿದರೆ?"

ಅವಳು ನನ್ನನ್ನು ನೋಡಿದ ರೀತಿ, ಇಷ್ಟೂ ತಿಳಿಯದೆ ಎಂ.ಎ. ಹೇಗೆ ಮಾಡಿದಿರಿ ಎಂಬಂತಿತ್ತು. "ಗಂಟು ಹಾಕುತ್ತಾರೆ ಸಾರ್. ಒಂದು ಎಳೆ ಕಡಿಯಿತು ಅಂತ ಯಾರಾದರೂ ಮಗ್ಗ ಬಿಡುತ್ತಾರೆಯೇ?" ಎಂದಳು. ಹೇಳಿ, ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಸುಮ್ಮನಾದಳು. ನಾನೂ ಸುಮ್ಮನಿದ್ದೆ.

ಎರಡು ದಿನದ ಮೇಲೆ ಅವಳ ಚಿತ್ರ ಬಂತು. ಒಂದೇ ಹಾಳೆಯಲ್ಲಿ ಮೂರು ಅಂಕಣ. ಮೊದಲನೆಯದರಲ್ಲಿ ಜೋಲುಬಿದ್ದ ಎಳೆಗಳು, ಮೂರನೆಯದರಲ್ಲಿ ಹರಿದ ಎಳೆಗಳು, ನಡುವೆ ನೆಟ್ಟಗಿನ ಎಳೆಗಳು. ಅವುಗಳ ಮೇಲೆ ಒಂದು ಅಂಗೈ. ಬಣ್ಣ ಸೀರೆಯವೇ, ಕೆಂಪು ಮತ್ತು ಹಸಿರು. ಕೆಳಗಿನ ವಾಕ್ಯದಲ್ಲಿ 'ನೀನು' ಎಂಬ ಮಾತಿರಲಿಲ್ಲ: "ನಾವು ಕೈಯಿಟ್ಟು ನೋಡೋಣ."

ಮನೋವಿಜ್ಞಾನದ ಪುಸ್ತಕಗಳಲ್ಲಿ ಗುಡ್ಡದಾಕಾರದ ಒಂದು ರೇಖಾಚಿತ್ರ ಬರುತ್ತದೆ. ಒತ್ತಡ ತೀರ ಕಡಿಮೆಯಿದ್ದರೂ ಕೆಲಸ ಕೆಡುತ್ತದೆ, ತೀರ ಹೆಚ್ಚಾದರೂ ಕೆಡುತ್ತದೆ, ನಡುವಿನಲ್ಲಿ ಹದ ಎಂದು ಅದರ ಅರ್ಥ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಬೆಳೆದ ಚಿತ್ರ ಅದು. ಆ ಗುಡ್ಡಕ್ಕಿಂತ ಈ ಮಗ್ಗ ಮೇಲೆಂದು ನನ್ನ ನಂಬಿಕೆ. ಗುಡ್ಡದಲ್ಲಿ ಕೈಯಿಲ್ಲ, ಮಗ್ಗದಲ್ಲಿ ಹಾಸನ್ನು ಬಿಗಿ ಮಾಡುವ, ಸಡಿಲಿಸುವ ಕೈ ಇದೆ. ಗಾಣದ ಚಿತ್ರದಲ್ಲಿ ವಿದ್ಯಾರ್ಥಿ ಕಾಳಾಗಿದ್ದ. ಇಲ್ಲಿ ಅವನು ನೇಕಾರ.

ಬ್ರಹ್ಮಗಿರಿಯ ಬಂಡೆ

ಪರೀಕ್ಷೆಗೆ ಹತ್ತು ದಿನವಿರುವಾಗ ಒಂದು ಭಾನುವಾರ ಎಲ್ಲರನ್ನೂ ಕರೆದುಕೊಂಡು ಬ್ರಹ್ಮಗಿರಿಗೆ ಹೋದೆ. ಓದುವ ಹೊತ್ತನ್ನು ಹಾಳುಮಾಡಿದೆನೆಂದು ಸಹೋದ್ಯೋಗಿಗಳು ಆಡಿಕೊಂಡರು. ಹಾಸನ್ನು ಸಡಿಲಿಸುವ ಹೊತ್ತು ಅದು ಎಂಬುದು ನನ್ನ ಸಮಾಧಾನ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು; 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ನೆಲವನ್ನು ಅಗೆಸಿ ಪ್ರಾಚೀನ ಜನವಸತಿಯ ಪದರಗಳನ್ನು ತೋರಿಸಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹವನ್ನು ಭಿತ್ತಿಪತ್ರವೆಂದರೆ ತಪ್ಪೇನು? ದಾರಿಹೋಕರು ನಿಂತು ಓದಲಿ, ಓದಬಲ್ಲವರು ಉಳಿದವರಿಗೆ ಹೇಳಲಿ ಎಂದು ಕೆತ್ತಿದ್ದಲ್ಲವೆ?

ಬಂಡೆಯ ಮುಂದೆ ನಿಂತು ಅದರ ಸಾರಾಂಶ ಹೇಳಿದೆ. ಎರಡೂವರೆ ವರ್ಷಕ್ಕೂ ಮಿಕ್ಕ ಕಾಲದಿಂದ ತಾನು ಉಪಾಸಕನಾಗಿದ್ದರೂ ಒಂದು ವರ್ಷ ಗಟ್ಟಿಯಾಗಿ ಪ್ರಯತ್ನಿಸಲಿಲ್ಲವೆಂದು ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ. ಆಮೇಲೆ ಪ್ರಯತ್ನಿಸಿದ, ಫಲ ಕಂಡ. ಈ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಪ್ರಯತ್ನದಿಂದ ಪಡೆಯಬಲ್ಲರು ಎಂಬುದು ಅವನ ಸಂದೇಶ. ಅವನು ಹೇಳುತ್ತಿದ್ದುದು ಧರ್ಮದ ವಿಷಯ, ಸೆಮಿಸ್ಟರಿನ ವಿಷಯವಲ್ಲ, ನಿಜ. ಆದರೆ ಉಪದೇಶಕ್ಕೆ ಮೊದಲು ತನ್ನ ಸೋಮಾರಿತನವನ್ನು ಕಲ್ಲಿನ ಮೇಲೆ ಬರೆಸಿದ ಅರಸನ ಮಾತಿಗೆ ಪೆನ್ಸಿಲಿನ ಟಿಪ್ಪಣಿ ಸೇರಿಸಲು ಯಾರಿಗೆ ಮನಸ್ಸು ಬಂದೀತು?

ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೆ, 'ಲಿಪಿಕಾರ' ಎಂಬರ್ಥದ ಕೊನೆಯ ಪದವನ್ನು ಮಾತ್ರ ಅವನು ವಾಯವ್ಯ ದೇಶದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ದೂರದ ನಾಡಿನ ಲಿಪಿ ಬಲ್ಲವನು ಈ ಬಿಸಿಲಿನ ಬಂಡೆಯ ಮೇಲೆ ಕುಳಿತು, ಒಡೆಯನ ಮಾತನ್ನೆಲ್ಲ ಬರೆದು ಮುಗಿಸಿ, ಕೊನೆಗೆ ತನ್ನದೊಂದು ಗುರುತು ಬಿಟ್ಟ. ನಮ್ಮ ನಾಡಿನ ಶಿಲೆಯ ಮೇಲೆ ಹೆಸರು ಉಳಿಸಿಹೋದ ಅತಿ ಹಳೆಯ ಲಿಪಿಕಾರರಲ್ಲಿ ಅವನೊಬ್ಬ. ಮಗ್ಗದ ಚಿತ್ರ ಬರೆದ ಹುಡುಗಿ ಆ ಕೊನೆಯ ಪದದ ಮುಂದೆ ಬಹಳ ಹೊತ್ತು ನಿಂತಿದ್ದಳು. "ಅವನಿಗೂ ಕೈ ನಡುಗಿರಬಹುದು ಸಾರ್. ಕಲ್ಲಿನಲ್ಲಿ ತಪ್ಪಾದರೆ ಅಳಿಸುವ ಹಾಗಿಲ್ಲವಲ್ಲ" ಎಂದಳು.

ಚಿತ್ರ ಮಾಡಲಾರದ್ದು

ಇಷ್ಟು ಹೇಳಿದ ಮೇಲೆ ಚಿತ್ರಕ್ಕೆ ಇರುವ ಮಿತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಫೀಸಿಗೆ ಹಣವಿಲ್ಲದ ಒತ್ತಡಕ್ಕೆ ಚಿತ್ರ ಮದ್ದಲ್ಲ. ಅದಕ್ಕೆ ಹಣವೇ ಬೇಕು. ಮನೆಯಲ್ಲಿ ಹೊಡೆತ ತಿನ್ನುವವನಿಗೆ, ಯಾರಿಂದಲೋ ಪೀಡಿಸಲ್ಪಡುವವಳಿಗೆ, "ಇದನ್ನು ಒಳ್ಳೆಯದೆಂದು ಭಾವಿಸು" ಎನ್ನುವುದು ಕ್ರೌರ್ಯ. ಅಂಥಲ್ಲಿ ಬದಲಾಗಬೇಕಾದದ್ದು ಅವರ ಭಾವನೆಯಲ್ಲ, ಅವರ ಪರಿಸ್ಥಿತಿ. ವಾರಗಟ್ಟಲೆ ನಿದ್ರೆಯಿಲ್ಲದವರಿಗೆ, ಬದುಕೇ ಬೇಡವೆನ್ನಿಸಿದವರಿಗೆ ಬೇಕಾದವರು ವೈದ್ಯರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ನೆರವಿನ ಸಂಖ್ಯೆ 14416. ಹಗಲಿರುಳೂ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಪ್ರತಿಯೊಂದು ಚಿತ್ರದ ಕೆಳಗೂ ಈ ಸಂಖ್ಯೆಯನ್ನು ಶೀರ್ಷಿಕೆಯಷ್ಟೇ ದಪ್ಪಕ್ಷರಗಳಲ್ಲಿ ಬರೆದೆವು. ಸಣ್ಣಕ್ಷರದಲ್ಲಿ ಬರೆದರೆ ಅದು ನಾಚಿಕೆಯ ವಿಷಯವೆಂದು ನಾವೇ ಹೇಳಿದಂತಾಗುತ್ತಿತ್ತು.

ಇನ್ನು ಈ ಬರಹವನ್ನು ಓದುತ್ತಿರುವ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಆ ಪೆನ್ಸಿಲಿನ ವಾಕ್ಯವನ್ನು ನಾನು ಮರೆತಿಲ್ಲ. "ಪಕ್ಕದ ಮನೆಯ ಹುಡುಗನಿಗೆ ಎಷ್ಟು ಪರ್ಸೆಂಟ್ ಬಂತು?" ಎಂಬ ಪ್ರಶ್ನೆಯಿಂದ ಯಾವ ಮಗುವಿನ ಹಾಸೂ ಹದಕ್ಕೆ ಬರುವುದಿಲ್ಲ. ಬೇಕಾದರೆ ಮನೆಯ ಗೋಡೆಗೆ ಒಂದು ಖಾಲಿ ಹಾಳೆ ಅಂಟಿಸಿ, ಅದರ ಮೇಲೆ ಏನು ಬರೆಯಬೇಕೆಂಬುದನ್ನು ಮಗುವಿಗೆ ಬಿಡಿ. ನಿಮ್ಮ ಕಾಲದಲ್ಲಿ ನೀವೂ ಒಂದು ಪೇಪರಿನಲ್ಲಿ ನಪಾಸಾಗಿದ್ದರೆ, ಅಶೋಕನಂತೆ ಅದನ್ನು ಮೊದಲು ಒಪ್ಪಿಕೊಳ್ಳಿ.

ಆ ಹುಡುಗಿ ಪರೀಕ್ಷೆಗೆ ಕುಳಿತಳು. ಮೊದಲ ದಿನ ಕೊಠಡಿಯ ಮೇಲ್ವಿಚಾರಣೆ ನನ್ನದೇ ಆಗಿತ್ತು. ಪ್ರಶ್ನಪತ್ರಿಕೆ ಕೈಗೆ ಬಂದಾಗ ಅವಳ ಕೈ ನಡುಗುತ್ತಿದ್ದುದು ನನಗೆ ಕಂಡಿತು. ಅವಳು ಒಂದು ಕ್ಷಣ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟಳು, ಹಾಸಿನ ಮೇಲೆ ಇಡುವಂತೆ. ಆಮೇಲೆ ಬರೆಯತೊಡಗಿದಳು.

ಫಲಿತಾಂಶ ಬಂದಾಗ ಎಲ್ಲ ಪೇಪರುಗಳಲ್ಲೂ ಉತ್ತೀರ್ಣಳಾಗಿ ಒಂದರಲ್ಲಿ ಮಾತ್ರ ಉಳಿದಿದ್ದಳು. ಅದನ್ನು ತಿಳಿಸಲು ಅವಳೇ ಫೋನು ಮಾಡಿದ್ದಳು. ಸಮಾಧಾನದ ಮಾತಿಗಾಗಿ ನಾನು ತಡಕಾಡುತ್ತಿದ್ದೆ. ಅವಳ ಹಿಂದೆ ಮಗ್ಗದ ಸದ್ದು ಕೇಳಿಸುತ್ತಿತ್ತು.

"ಒಂದು ಎಳೆ ಸಾರ್" ಎಂದಳು. "ಗಂಟು ಹಾಕಿದರಾಯಿತು."